ವಿಮಾನವನ್ನು ಕೊನೆಗೆ ನೋಡಿ: ವಾಯುಪಡೆಯ ಚಿತ್ರಗಳನ್ನು ನೋಡುವ ಬಗೆ

ಮದ್ದೂರು ಹತ್ತಿರದ ನಮ್ಮೂರಲ್ಲಿ, ದೊಡ್ಡಪ್ಪನ ಮನೆಯ ಹಜಾರದಲ್ಲಿ ಒಂದು ಚಿತ್ರ ಇದೆ. ಒಂದು ಯುದ್ಧವಿಮಾನ, ಕೆಳಗೆ ಕಂದು ಹೊಲಗಳು, ಹಿಂದೆ ಮಸುಕು ಬೆಳಗು. ದೊಡ್ಡಪ್ಪ ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಯನ್ನು ಸುಸ್ಥಿತಿಯಲ್ಲಿಡುವ ಕೆಲಸದಲ್ಲಿದ್ದವರು. ಸ್ಕೂಲಿಗೆ ಹೋಗುವ ಕಾಲದಿಂದ ನಾನು ಆ ಚಿತ್ರ ನೋಡುತ್ತಿದ್ದೆ, ಆದರೆ ನೋಡುತ್ತಿದ್ದದ್ದು ವಿಮಾನ ಮಾತ್ರ. ಒಂದು ಯುಗಾದಿ ದಿನ ಅವರು ಎದ್ದು ಹೋಗಿ ಅಂಗೈಯಿಂದ ಆ ವಿಮಾನವನ್ನು ಮುಚ್ಚಿ, "ಈಗ ಏನು ಕಾಣುತ್ತೆ ಹೇಳು ಮಗಾ" ಅಂದರು. ಏನೂ ಇಲ್ಲ ದೊಡ್ಡಪ್ಪ, ಬರೀ ಆಕಾಶ ಅಂದೆ. "ಅದನ್ನೇ ನೋಡು. ವಿಮಾನ ಹಾರೋದು ಅದರಲ್ಲೇ ಅಲ್ವಾ?"

ಇಂಥ ಚಿತ್ರಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಪ್ರಶ್ನೆಯಿಂದ ಶುರುವಾಯಿತು. ಆಮೇಲೆ ಪುಸ್ತಕಗಳಲ್ಲಿ, ಮ್ಯೂಸಿಯಂಗಳ ವೆಬ್‌ಸೈಟ್‌ನಲ್ಲಿ, ಬೆಂಗಳೂರಿಗೆ ಹೋದಾಗಲೆಲ್ಲ ಹುಡುಕಿಕೊಂಡು ಹೋಗಿ ನೋಡಿದ್ದೇನೆ. ಕಲಿತದ್ದನ್ನು ನೋಡುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ನೀವು ವಿಮಾನದ ಹುಚ್ಚರಾಗಿರಬೇಕಿಲ್ಲ. ಚಿತ್ರಕಲೆ ಓದಿರಬೇಕಿಲ್ಲ. ಒಂದು ಚಿತ್ರಕ್ಕೆ ಹತ್ತು ನಿಮಿಷ ಕೊಡುವ ಮನಸ್ಸಿದ್ದರೆ ಸಾಕು.

ಮೊದಲು ಆಕಾಶ

ಚಿತ್ರದ ಹೆಸರು, ಅಡಿಬರಹ ಯಾವುದನ್ನೂ ಓದಬೇಡಿ. ನಿಮ್ಮ ಕಣ್ಣಿನ ಹತ್ತಿರ ಹೆಬ್ಬೆರಳು ಹಿಡಿದು ವಿಮಾನವನ್ನು ಮರೆ ಮಾಡಿ. ಉಳಿದದ್ದನ್ನು ಎರಡು ನಿಮಿಷ ನೋಡಿ. ಮೊಬೈಲ್‌ನಲ್ಲಿ ನೋಡುತ್ತಿದ್ದರೆ ಅಡ್ಡ ಹಿಡಿಯಿರಿ, ಮೊದಲು ಇಡೀ ಚಿತ್ರ ನೋಡಿ, ಆಮೇಲೆ ದೊಡ್ಡದು ಮಾಡಿ.

ಎಷ್ಟು ಎತ್ತರದಲ್ಲಿದ್ದೇವೆ ಅನ್ನುವುದು ಮೊದಲ ಪ್ರಶ್ನೆ. ಮೇಲೆ ಹೋದ ಹಾಗೆ ಆಕಾಶದ ನೀಲಿ ಗಾಢವಾಗುತ್ತದೆ, ಕೆಳಗೆ ದಿಗಂತದ ಹತ್ತಿರ ಬೆಳ್ಳಗೆ ಮಸುಕಾಗಿರುತ್ತದೆ. ತಳ ಚಪ್ಪಟೆಯಾಗಿ ಹತ್ತಿಯ ಗುಡ್ಡೆಯಂತಿರುವ ಮೋಡಗಳು ಸಾಮಾನ್ಯವಾಗಿ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಶುರುವಾಗುತ್ತವೆ. ಗರಿ ಗರಿಯಾದ ತೆಳು ಮೋಡಗಳು ಆರು ಕಿಲೋಮೀಟರ್‌ಗಿಂತ ಮೇಲೆ. ಇಷ್ಟು ಗೊತ್ತಿದ್ದರೆ ಕಲಾವಿದ ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಾನೆ ಅಂತ ಅಂದಾಜು ಸಿಗುತ್ತದೆ.

ವಿಮಾನದ ಹಿಂದೆ ಉಳಿಯುವ ಬಿಳಿ ಗೆರೆಯನ್ನು ಗಮನಿಸಿ. ಚಿಕ್ಕವರಿದ್ದಾಗ ಅದನ್ನು ನೋಡಿ "ರಾಕೆಟ್ ಹೋಯ್ತು" ಅಂತ ಕೂಗುತ್ತಿದ್ದೆವು. ಅದು ಎಂಜಿನ್‌ನಿಂದ ಬಂದ ನೀರಿನ ಆವಿ ಚಳಿಗೆ ಮಂಜಿನ ಹರಳಾಗುವುದು. ಗಾಳಿ ಸುಮಾರು ಸೊನ್ನೆಗಿಂತ 40 ಡಿಗ್ರಿ ಕೆಳಗಿರಬೇಕು, ಅಂದರೆ ಸಾಮಾನ್ಯವಾಗಿ ಎಂಟು ಕಿಲೋಮೀಟರ್‌ಗಿಂತ ಮೇಲೆ. ಮರದ ಎತ್ತರದಲ್ಲಿ ಹಾರುವ ವಿಮಾನಕ್ಕೆ ಇಂಥ ಉದ್ದ ಬಿಳಿ ಗೆರೆ ಬರೆದಿದ್ದರೆ ಕಲಾವಿದ ಚೆಂದಕ್ಕೆ ಬರೆದಿದ್ದಾನೆ ಅಂತ ತಿಳಿಯಿರಿ. ಆದರೆ ಜೋರಾಗಿ ತಿರುಗುವ ವಿಮಾನದ ರೆಕ್ಕೆ ತುದಿಯಲ್ಲಿ ಒಂದು ಕ್ಷಣ ಬಂದು ಹೋಗುವ ತೆಳು ಆವಿ ಬೇರೆ. ತೇವದ ದಿನ ಅದು ಕೆಳಗೂ ಬರುತ್ತದೆ.

ದೂರ ಕಾಣಿಸುವುದು ಹೇಗೆ ಅಂತ ಕಲಿಯಲು ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆ ಜಾಗ ಇಲ್ಲ. ಬೆಳಿಗ್ಗೆ ಅಲ್ಲಿ ನಿಂತು ಕೆಳಗೆ ನೋಡಿ. ಹತ್ತಿರದ ಮರ ಕಡು ಹಸಿರು, ಲಲಿತ್ ಮಹಲ್ ಬಿಳುಪು, ಅದರಾಚೆ ಊರು ಬೂದಿ ಬಣ್ಣ, ಇನ್ನೂ ಆಚೆ ಎಲ್ಲ ನೀಲಿ ನೀಲಿ. ದೂರ ಆದ ಹಾಗೆ ಕಪ್ಪು ಬಣ್ಣಗಳು ತೆಳುವಾಗುತ್ತವೆ, ಅಂಚುಗಳು ಕರಗುತ್ತವೆ. ಒಳ್ಳೆಯ ವಿಮಾನ ಚಿತ್ರದಲ್ಲಿ ದೂರದ ಎರಡನೇ ವಿಮಾನ ಬರೀ ಚಿಕ್ಕದಾಗಿರುವುದಿಲ್ಲ, ಮಸುಕಾಗಿಯೂ ಇರುತ್ತದೆ. ಅದು ಮುಂದಿನ ವಿಮಾನದಷ್ಟೇ ಕಪ್ಪಾಗಿ, ಚೂಪಾಗಿ ಇದ್ದರೆ ಎರಡೂ ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತವೆ.

ಆಮೇಲೆ ಬೆಳಕು

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್.ಎಲ್. ಹಲ್ದಂಕರ್ ಅವರ ಜಲವರ್ಣದ ಚಿತ್ರ ಇದೆಯಲ್ಲ, ಕೈಯಲ್ಲಿ ದೀಪ ಹಿಡಿದು ನಿಂತ ಹೆಂಗಸು, ಮೈಸೂರಿನವರೆಲ್ಲ ಒಮ್ಮೆಯಾದರೂ ನೋಡಿರುತ್ತಾರೆ. ಅಲ್ಲಿ ಬೆಳಕು ಒಂದೇ ಕಡೆಯಿಂದ ಬರುತ್ತದೆ. ಬೆರಳು, ಮುಖ, ಸೀರೆ ಎಲ್ಲವೂ ಆ ಒಂದು ದೀಪಕ್ಕೆ ಲೆಕ್ಕ ಒಪ್ಪಿಸುತ್ತವೆ. ವಿಮಾನದ ಚಿತ್ರದಲ್ಲಿ ಆ ದೀಪ ಸೂರ್ಯ. ಸೂರ್ಯ ಎಲ್ಲಿದ್ದಾನೆ ಅಂತ ಮೊದಲು ಬೆರಳು ತೋರಿಸಿ ಹೇಳಿ. ಆಮೇಲೆ ಮೋಡದ ಹೊಳೆಯುವ ಅಂಚು, ಪೈಲಟ್ ಕೂರುವ ಗಾಜಿನ ಮೇಲಿನ ಮಿಂಚು, ರೆಕ್ಕೆಯ ನೆರಳು ಮೈಮೇಲೆ ಬಿದ್ದ ಜಾಗ, ಎಲ್ಲವೂ ಅದೇ ಸೂರ್ಯನಿಗೆ ಸರಿಹೊಂದುತ್ತವಾ ನೋಡಿ. ವಿಮಾನದ್ದು ಒಂದು ಫೋಟೊ, ಮೋಡದ್ದು ಇನ್ನೊಂದು ಫೋಟೊ ನೋಡಿಕೊಂಡು ಬರೆದ ಚಿತ್ರಗಳು ಇಲ್ಲೇ ಸಿಕ್ಕಿಬೀಳುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ವಿಮಾನದ ಹೊಟ್ಟೆ. ಮೇಲಿನಿಂದ ಬಿಸಿಲು ಬಿದ್ದಾಗ ಕೆಳಭಾಗ ಬರೀ ಕಪ್ಪಾಗಿರುವುದಿಲ್ಲ. ನೆಲದ ಬಣ್ಣ ಅಲ್ಲಿಗೆ ಏರಿ ಬಂದಿರುತ್ತದೆ. ಮಂಡ್ಯದ ಕಡೆ ನಾಲೆ ಪಕ್ಕ ನಾಟಿ ಆದ ಗದ್ದೆ ಮೇಲೆ ಬೆಳ್ಳಕ್ಕಿ ತಗ್ಗಿನಲ್ಲಿ ಹಾರುವಾಗ ಅದರ ಹೊಟ್ಟೆ ನೋಡಿ. ಬೆಳ್ಳಗಿನ ಹಕ್ಕಿ, ಆದರೆ ಕೆಳಗೆ ತುಸು ಹಸಿರು. ಹಾಗೆಯೇ ಮರಳುಗಾಡಿನ ಮೇಲೆ ಹಾರುವ ವಿಮಾನದ ಹೊಟ್ಟೆಗೆ ಬೆಚ್ಚಗಿನ ಹಳದಿ, ಸಮುದ್ರದ ಮೇಲೆ ನೀಲಿ, ಹಿಮದ ಮೇಲಾದರೆ ಕೆಳಗಿನಿಂದ ದೀಪ ಹಿಡಿದ ಹಾಗೆ ಬೆಳಕು. ಇದನ್ನು ಬರೆದ ಕಲಾವಿದ ಸುಮ್ನೆ ಮಾಡೆಲ್ ನೋಡಿ ಬರೆದವನಲ್ಲ, ಗಾಳಿಯಲ್ಲಿ ತೇಲುವ ವಸ್ತುವಿನ ಬಗ್ಗೆ ಯೋಚನೆ ಮಾಡಿದವನು.

ಬೆಳಕು ಇತಿಹಾಸವನ್ನೂ ಹೇಳುತ್ತದೆ. 1971ರ ಡಿಸೆಂಬರ್ 5ರ ಲೋಂಗೆವಾಲಾ ತಗೊಳ್ಳಿ, ರಾಜಸ್ಥಾನದ ಗಡಿಯಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದ ಕಾಳಗ. ಜೈಸಲ್ಮೇರ್‌ನಲ್ಲಿದ್ದ ನಮ್ಮ ಹಂಟರ್ ವಿಮಾನಗಳು ರಾತ್ರಿ ಹೊತ್ತು ಬಂದು ದಾಳಿ ಮಾಡುವಂತಿರಲಿಲ್ಲ. ನೆಲದ ಮೇಲಿದ್ದ ಸೈನಿಕರು ರಾತ್ರಿಯೆಲ್ಲ ತಡೆದು ನಿಂತರು, ಬೆಳಕು ಹರಿದ ಮೇಲೆ ವಿಮಾನ ಬಂದವು. ಅಂದಮೇಲೆ ಮೊದಲ ದಾಳಿಯ ಚಿತ್ರದಲ್ಲಿ ಸೂರ್ಯ ಪೂರ್ವದಲ್ಲಿ ತಗ್ಗಿನಲ್ಲಿರಬೇಕು, ಟ್ಯಾಂಕುಗಳ ನೆರಳು ಮರಳಿನ ಮೇಲೆ ಪಶ್ಚಿಮಕ್ಕೆ ಉದ್ದಕ್ಕೆ ಬಿದ್ದಿರಬೇಕು. ತಪ್ಪಿಸಿಕೊಳ್ಳಲು ಸುತ್ತಿ ಸುತ್ತಿ ಓಡಿದ ಟ್ಯಾಂಕುಗಳ ಗುರುತು ಮರಳಿನಲ್ಲಿ ರಂಗೋಲಿಯ ಸುರುಳಿಗಳಂತೆ ಉಳಿದಿತ್ತು, ಮೇಲಿನಿಂದ ತೆಗೆದ ಫೋಟೊಗಳಲ್ಲಿ ಅದು ಕಾಣುತ್ತದೆ. ಬೆಳಗಿನ ಓರೆ ಬಿಸಿಲಿಗೆ ಆ ಗೆರೆಗಳು ಇನ್ನೂ ಎದ್ದು ಕಾಣಬೇಕು. ನಡು ಮಧ್ಯಾಹ್ನದ ಬಿಸಿಲು ಹಾಕಿ ಬರೆದರೆ ರಾತ್ರಿಯಿಡೀ ಕಾದ ಕಥೆಯೇ ಹೋಗಿಬಿಡುತ್ತದೆ.

ನೀವು ಎಲ್ಲಿದ್ದೀರಿ?

ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನೆಲದ ಮೇಲೆ ನಿಂತು ಕತ್ತೆತ್ತಿದ್ದೀರಾ? ಪಕ್ಕದ ವಿಮಾನದಲ್ಲಿ ಕೂತಿದ್ದೀರಾ? ಅಥವಾ ಯಾರೂ ಇರಲಾಗದ ಜಾಗದಲ್ಲಿ ತೇಲುತ್ತಿದ್ದೀರಾ? ದಿಗಂತದ ಗೆರೆ ಓರೆಯಾಗಿದ್ದರೆ ಕಲಾವಿದ ನಿಮ್ಮನ್ನೂ ಒಂದು ವಿಮಾನದಲ್ಲಿ ಕೂರಿಸಿ ತಿರುಗಿಸುತ್ತಿದ್ದಾನೆ ಅಂತ ಅರ್ಥ.

ಇಟಲಿಯ ಟುಲ್ಲಿಯೊ ಕ್ರಾಲಿ 1939ರಲ್ಲಿ ಬರೆದ ಒಂದು ಪ್ರಸಿದ್ಧ ಚಿತ್ರದಲ್ಲಿ ನೀವು ಪೈಲಟ್‌ನ ಬೆನ್ನ ಹಿಂದೆ ಕೂತಿರುತ್ತೀರಿ. ವಿಮಾನ ಮೂಗು ಕೆಳಗೆ ಮಾಡಿ ಒಂದು ನಗರದ ಮೇಲೆ ಬೀಳುತ್ತಿದೆ, ಎತ್ತರದ ಕಟ್ಟಡಗಳು ನಿಮ್ಮ ಕಡೆಗೆ ನುಗ್ಗಿ ಬರುತ್ತಿವೆ. ಎದೆ ಝಲ್ ಅನ್ನುತ್ತದೆ, ಸುಳ್ಳಲ್ಲ. ಅದು ಮುಸೊಲಿನಿಯ ಇಟಲಿ, ವಿಮಾನವನ್ನೂ ವೇಗವನ್ನೂ ಹಾಡಿ ಹೊಗಳಿದ ಕಲಾವಿದರ ಗುಂಪು. ಆ ಚಿತ್ರ ನೋಡುವಾಗ ನಾನು ಬೇಕೆಂದೇ ಆ ಕಟ್ಟಡಗಳ ಕಿಟಕಿಗಳನ್ನು ನೋಡುತ್ತೇನೆ. ಅಲ್ಲಿ ಜನ ಇದ್ದಾರೆ ಅಲ್ವಾ. ಕಲಾವಿದ ನಿಮ್ಮನ್ನು ಕೂರಿಸಿದ ಜಾಗದಿಂದ ಅವರು ಕಾಣುವುದಿಲ್ಲ. ಚಿತ್ರ ಚೆನ್ನಾಗಿದೆ ಅನ್ನುವುದೂ ನಿಜ, ಇದೂ ನಿಜ. ಎರಡನ್ನೂ ಹೇಳಬೇಕು.

ಇದಕ್ಕೆ ತೀರಾ ಬೇರೆಯಾದ ನೋಟ ಬೇಕಿದ್ದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ವಿಮಾನ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದಿನದು, ಆದರೆ ಯುದ್ಧದ ಚಿತ್ರ ನೋಡುವುದನ್ನು ಕಲಿಯಲು ನಮ್ಮ ಜಿಲ್ಲೆಯಲ್ಲೇ ಇರುವ ಅತ್ಯುತ್ತಮ ಪಾಠ ಅದು. ಅಲ್ಲಿ ನಿಮಗೆ ಒಂದೇ ಜಾಗ ಅಂತ ಇಲ್ಲ. ಹೈದರ್, ಟಿಪ್ಪು, ಕುದುರೆ ಸಾಲುಗಳು, ಚೌಕಾಕಾರವಾಗಿ ನಿಂತ ಇಂಗ್ಲಿಷರ ಸೈನ್ಯ, ಅದರ ನಡುವೆ ಪಲ್ಲಕ್ಕಿಯಲ್ಲಿ ಅವರ ನಾಯಕ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಎಲ್ಲ ಒಂದೇ ಗೋಡೆ ಮೇಲೆ. ದೂರದ್ದು ಮಸುಕಾಗುವುದಿಲ್ಲ. ಇದು ಒಂದು ಕ್ಷಣದ ನೋಟವಲ್ಲ, ಇಡೀ ದಿನದ ಕಥೆ. ಆ ಮದ್ದಿನ ಗಾಡಿ ಸಿಡಿದದ್ದೇ ಯುದ್ಧದ ತಿರುವು, ಚಿತ್ರದಲ್ಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದನ್ನು ನೋಡಿ ಬಂದ ಮೇಲೆ ಯಾವುದೇ ವಾಯುಯುದ್ಧದ ಚಿತ್ರದ ಮುಂದೆ ನನಗೆ ಎರಡು ಪ್ರಶ್ನೆ ತಾನಾಗಿ ಬರುತ್ತವೆ. ಇಡೀ ಘಟನೆಯಲ್ಲಿ ಈ ಒಂದು ಕ್ಷಣವನ್ನೇ ಯಾಕೆ ಆರಿಸಿದರು? ಮತ್ತೆ, ಯಾರು ಬರೆಸಿದ್ದು? ಪೊಳ್ಳಿಲೂರನ್ನು ಬರೆಸಿದವರು ಗೆದ್ದವರು. ವಿಮಾನದ ಚಿತ್ರಗಳಲ್ಲೂ ಎಷ್ಟೋ ಚಿತ್ರಗಳನ್ನು ಬರೆಸಿದವರು ಗೆದ್ದವರೇ.

ಈಗ ವಿಮಾನ

ಹೆಬ್ಬೆರಳು ತೆಗೆಯಿರಿ.

ಮೊದಲು ಅಳತೆ. 1965ರ ಯುದ್ಧದ ಚಿತ್ರಗಳಲ್ಲಿ ನಮ್ಮ ನ್ಯಾಟ್, ಪಾಕಿಸ್ತಾನದ ಸೇಬರ್ ಒಟ್ಟಿಗೆ ಬರುವುದು ಜಾಸ್ತಿ. ನ್ಯಾಟ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 6.7 ಮೀಟರ್, ಸೇಬರ್‌ದು 11 ಮೀಟರ್ ದಾಟುತ್ತದೆ. ನ್ಯಾಟ್ ಅಷ್ಟು ಪುಟಾಣಿ. ಎರಡೂ ಒಂದೇ ದೂರದಲ್ಲಿದ್ದು ಒಂದೇ ಗಾತ್ರ ಕಂಡರೆ ಅಲ್ಲಿ ತಪ್ಪಿದೆ, ಮತ್ತೆ ಆ ತಪ್ಪು ಸಣ್ಣದಲ್ಲ. ಚಿಕ್ಕದಾಗಿದ್ದರಿಂದಲೇ ನ್ಯಾಟ್ ಎದುರಾಳಿಯ ಕಣ್ಣಿಗೆ ಬೀಳುವುದು ಕಷ್ಟವಾಗಿತ್ತು.

ಪ್ರೊಪೆಲ್ಲರ್ ವಿಮಾನವಾದರೆ ಮನೆಯ ಸೀಲಿಂಗ್ ಫ್ಯಾನ್ ನೆನಪಿಸಿಕೊಳ್ಳಿ. ಜೋರಾಗಿ ತಿರುಗುವಾಗ ಕಾಣುವುದು ಅಲಗಲ್ಲ, ತೆಳುವಾದ ಒಂದು ತಟ್ಟೆ. ಒಳ್ಳೆ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೊ ತೆಗೆದರೆ ಅಲಗುಗಳು ನಿಂತ ಹಾಗೆ ಬರುತ್ತವೆ. ಹಾರುವ ವಿಮಾನದ ಅಲಗುಗಳು ಕಲ್ಲಿನ ಹಾಗೆ ನಿಂತಿದ್ದರೆ ಕಲಾವಿದ ಫೋಟೊ ನಕಲು ಮಾಡಿದ್ದಾನೆ.

ಫೋಟೊದ ಇನ್ನೊಂದು ಗುರುತು ರೆಕ್ಕೆಗಳಲ್ಲಿ ಸಿಗುತ್ತದೆ. ತುಂಬ ದೂರದಿಂದ ಝೂಮ್ ಮಾಡಿ ತೆಗೆದರೆ ಹತ್ತಿರದ ರೆಕ್ಕೆ, ಆಚೆ ರೆಕ್ಕೆ ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ ಕಾಣುತ್ತವೆ. ಆದರೆ ಚಿತ್ರದಲ್ಲಿ ವಿಮಾನ ನಿಮ್ಮ ಮೂಗಿನ ಮುಂದೆ ಹಾದು ಹೋಗುತ್ತಿದ್ದರೆ ಹತ್ತಿರದ ರೆಕ್ಕೆ ದೊಡ್ಡದಾಗಿ ಚಾಚಿ ಬರಬೇಕು. ಇದು ಹೊಂದದಿದ್ದಾಗ ಏನೋ ಸರಿಯಿಲ್ಲ ಅಂತ ಅನ್ನಿಸುತ್ತದೆ, ಏನು ಅಂತ ಮಾತ್ರ ಗೊತ್ತಾಗುವುದಿಲ್ಲ. ಬಹಳ ಸಲ ಕಾರಣ ಇದೇ.

ಹಾರಾಟ ಕಲಿಯಲು ಹಕ್ಕಿಗಳನ್ನು ನೋಡಿ. ಕಾರಂಜಿ ಕೆರೆ ಮೇಲೆ ಹದ್ದು ತಿರುಗುವಾಗ ಮೈಯನ್ನು ಓರೆ ಮಾಡುತ್ತದೆ. ವಿಮಾನವೂ ಹಾಗೇ. ಎಡಕ್ಕೆ ಹೊರಳಲು ಎಡ ರೆಕ್ಕೆಯ ಹಿಂದಿನ ಪಟ್ಟಿ ಮೇಲೇಳುತ್ತದೆ, ಬಲದ್ದು ಕೆಳಗಿಳಿಯುತ್ತದೆ. ಚಿತ್ರದಲ್ಲಿ ಅಷ್ಟು ಸಣ್ಣ ಪಟ್ಟಿಯನ್ನೂ ಸರಿಯಾಗಿ ಬರೆದಿದ್ದರೆ ಆ ವಿಮಾನ ಜೀವ ಇದ್ದ ಹಾಗೆ ಕಾಣುತ್ತದೆ, ಒಳಗೆ ಯಾರೋ ಈಗ ತಾನೇ ಕೈ ಆಡಿಸಿದ ಹಾಗೆ. ಇಳಿಯುವ ವಿಮಾನದ ಚಿತ್ರವಾದರೆ ಒಮ್ಮೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಹೆಜ್ಜಾರ್ಲೆ ಮರಕ್ಕೆ ಇಳಿಯುವಾಗ ರೆಕ್ಕೆ ಪೂರ್ತಿ ಅಗಲ ಮಾಡಿ, ಕಾಲು ಮುಂದೆ ಚಾಚಿ, ಮೈ ತುಸು ಮೇಲೆತ್ತಿ ಬರುತ್ತದೆ. ವಿಮಾನ ಚಕ್ರ ಇಳಿಸಿದಾಗ ರೆಕ್ಕೆ ಹಿಂದಿನ ಫ್ಲ್ಯಾಪ್ ಸಹ ಇಳಿದಿರುವುದು ಅದಕ್ಕೇ, ನಿಧಾನವಾಗಿ ಬರುವಾಗಲೂ ತೇಲಲು. ದಸರಾಕ್ಕೆ ಬನ್ನಿಮಂಟಪದ ಕಡೆ ವಾಯುಪಡೆಯ ಪ್ರದರ್ಶನ ಇದ್ದ ವರ್ಷ ಅದನ್ನೂ ಬಿಡಬೇಡಿ. ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ವಿಮಾನದ ರೆಕ್ಕೆ ಕೆಳಗೆ ನಿಂತು ನೋಡಿ. ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರಲ್ಲಿ ಮೊದಲು ಹಾರಿದ್ದು. ಲೋಹದ ಹಾಳೆಗಳ ಜೋಡಣೆ, ರಿವೆಟ್ಟುಗಳು, ಅಲ್ಲಲ್ಲಿ ಸಣ್ಣ ಅಲೆ. ಚಿತ್ರದಲ್ಲಿ ಬೆಳಕು ಆ ಮೈಮೇಲೆ ಒಡೆದು ಒಡೆದು ಹೊಳೆಯುವುದು ಯಾಕೆ ಅಂತ ಆಗ ತಿಳಿಯುತ್ತದೆ.

ಬಣ್ಣ, ಗುರುತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಹಾರಿದ ವಿಮಾನಗಳ ವೃತ್ತದಿಂದ ಕೆಂಪು ಬಣ್ಣ ತೆಗೆದುಹಾಕಿದ್ದರು, ಜಪಾನಿನ ಕೆಂಪು ಸೂರ್ಯನ ಗುರುತು ಅಂತ ತಿಳಿದು ನಮ್ಮವರೇ ಗುಂಡು ಹಾರಿಸಬಾರದು ಅಂತ. ಆ ಕಾಲದ, ಆ ಜಾಗದ ಚಿತ್ರದಲ್ಲಿ ಕೆಂಪು ಚುಕ್ಕೆ ಇದ್ದರೆ ಅನುಮಾನ ಪಡಿ.

ದೊಡ್ಡಪ್ಪ ಮಾತ್ರ ಇದ್ಯಾವುದನ್ನೂ ಮೊದಲು ನೋಡುವುದಿಲ್ಲ. ಒಮ್ಮೆ ಒಂದು ಚಿತ್ರವನ್ನು ಅವರಿಗೆ ಮೊಬೈಲ್‌ನಲ್ಲಿ ತೋರಿಸಿದೆ, ಫಳಫಳ ಹೊಳೆಯುವ ವಿಮಾನ. "ಇದರ ರೆಕ್ಕೆ ಮೇಲೆ ಯಾರೂ ಕಾಲೇ ಇಟ್ಟಿಲ್ಲ ಮಗಾ" ಅಂದರು. ದಿನಾ ಹತ್ತಿ ಇಳಿಯುವ ಜಾಗದಲ್ಲಿ ಬಣ್ಣ ಸವೆದಿರಬೇಕು, ತೋಪಿನ ಬಾಯಿ ಹತ್ತಿರ ಮಸಿ ಇರಬೇಕು, ಎಣ್ಣೆ ಗಾಳಿಗೆ ಹಿಂದಕ್ಕೆ ಹರಿದ ಗೆರೆ ಇರಬೇಕು. ಆ ಗೆರೆಗಳಲ್ಲಿ ಅವರ ಕೆಲಸ ಇದೆ. ಪೈಲಟ್ ಹೆಸರು ಅಡಿಬರಹದಲ್ಲಿರುತ್ತದೆ, ರಾತ್ರಿಯೆಲ್ಲ ವಿಮಾನ ಸಿದ್ಧ ಮಾಡಿದವರ ಹೆಸರು ಎಲ್ಲೂ ಇರುವುದಿಲ್ಲ.

ವಿಮಾನವೇ ಹಾರದ ಚಿತ್ರಗಳು

ಇವನ್ನು ತಪ್ಪಿಸಬೇಡಿ. ಬ್ರಿಟನ್ನಿನ ಪಾಲ್ ನ್ಯಾಶ್ 1940-41ರಲ್ಲಿ ಬರೆದ ಒಂದು ದೊಡ್ಡ ಚಿತ್ರ ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿದೆ. ಹೆಸರು ಜರ್ಮನ್ ಭಾಷೆಯಲ್ಲಿ, ಅರ್ಥ ಸತ್ತ ಸಮುದ್ರ. ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಹೊಡೆದುರುಳಿಸಿದ ಜರ್ಮನ್ ವಿಮಾನಗಳ ಚೂರುಗಳನ್ನು ರಾಶಿ ಹಾಕಿದ್ದರು. ಅವನು ಅದನ್ನು ನೋಡಿ ಬಂದು, ಬೆಳದಿಂಗಳಲ್ಲಿ ಆ ಮುರಿದ ರೆಕ್ಕೆಗಳೇ ಅಲೆಗಳಾದ ಒಂದು ಕಡಲನ್ನು ಬರೆದ. ಅಲ್ಲಿ ಹಾರುವುದು ಒಂದು ಗೂಬೆ ಮಾತ್ರ, ಬಲಗಡೆ ಹುಡುಕಿ, ಸಿಗುತ್ತದೆ. ಶತ್ರುವಿನ ವಿಮಾನಗಳೇ, ಆದರೂ ಆ ಚಿತ್ರದ ಮುಂದೆ ಕೇಕೆ ಹಾಕಲು ಮನಸ್ಸು ಬರುವುದಿಲ್ಲ. ನಾನು ಅದನ್ನು ಫೋನಿನಲ್ಲಷ್ಟೇ ನೋಡಿದ್ದು, ಅಷ್ಟಕ್ಕೇ ಸುಮಾರು ಹೊತ್ತು ಮಾತಾಡಲಿಲ್ಲ.

ಬ್ರಿಟನ್ನಿನದೇ ಯುದ್ಧ ಕಲಾವಿದ ಎರಿಕ್ ರವಿಲಿಯಸ್ ಅವರ ಜಲವರ್ಣಗಳನ್ನೂ ಹುಡುಕಿ. ತಿಳಿ ಬಣ್ಣ, ಒಣ ಕುಂಚದ ಗೆರೆಗಳು, ಸದ್ದೇ ಇಲ್ಲದ ಯುದ್ಧ. 1942ರ ಸೆಪ್ಟೆಂಬರ್‌ನಲ್ಲಿ ಐಸ್‌ಲ್ಯಾಂಡ್ ಹತ್ತಿರ, ಕಾಣೆಯಾದ ಇನ್ನೊಂದು ವಿಮಾನವನ್ನು ಹುಡುಕಲು ಹೊರಟ ವಿಮಾನದಲ್ಲಿ ಅವರೂ ಹೋದರು. ಯಾರೂ ವಾಪಸ್ ಬರಲಿಲ್ಲ.

ಮನೆಗೆ ತರುವುದಾದರೆ

ಮೂಲ ಚಿತ್ರ ಕೊಳ್ಳುವುದು ನಮ್ಮಂಥವರಿಗೆ ಕಷ್ಟ, ಪ್ರಿಂಟ್ ಸಾಕು. ಹೊಳಪಿನ ಕಾಗದ ಬೇಡ, ಮ್ಯಾಟ್ ಕಾಗದದಲ್ಲಿ ಹಾಕಿಸಿ, ಇಲ್ಲದಿದ್ದರೆ ಆಕಾಶ ನೋಡಲು ಹೋದರೆ ಟ್ಯೂಬ್‌ಲೈಟ್ ಕಾಣುತ್ತದೆ. ಕಟ್ಟು ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ನನ್ನ ಒಂದು ಪ್ರಿಂಟನ್ನು ಅಂಗಡಿಯವರು ಗೋಂದು ಬಳಿದು ಹಲಗೆಗೆ ಅಂಟಿಸಿಬಿಟ್ಟರು, ಒಂದು ಮಳೆಗಾಲಕ್ಕೆ ಉಬ್ಬಿ ಬೂಷ್ಟು ಹಿಡಿಯಿತು. ತುಂಬ ಬೇಜಾರಾಯಿತು. ಮೇಲಿನ ಅಂಚಿಗೆ ಮಾತ್ರ ಟೇಪ್ ಹಾಕಿ, ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಇಡಲು ಹೇಳಿ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬೆಂಡಿನ ಚೂರು ಅಂಟಿಸಿದರೆ ಗೋಡೆಯ ತೇವ ತಾಗುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡವೇ ಬೇಡ.

ಕೊನೆಗೆ ಅಡಿಬರಹ

ಇಷ್ಟೆಲ್ಲ ಆದ ಮೇಲೆ ಹೆಸರು ಓದಿ. ಘಟನೆ ಹುಡುಕಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಿ: ಹೆಸರು ಓದುವ ಮೊದಲು ಏನು ಕಂಡಿತು, ಓದಿದ ಮೇಲೆ ಏನು ಬದಲಾಯಿತು.

ಹಜಾರದ ಆ ಚಿತ್ರದ ಅಡಿಬರಹವನ್ನು ನಾನು ಸರಿಯಾಗಿ ಓದಿದ್ದು ಆ ಯುಗಾದಿಯ ದಿನವೇ. ಅದು ಮಿಸ್ಟೇರ್ ವಿಮಾನ, 1965ರ ಸೆಪ್ಟೆಂಬರ್ 7ರ ಬೆಳಗು, ಪಾಕಿಸ್ತಾನದ ಸರ್ಗೋಧಾ. ಒಳಗಿರುವವರು ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಆ ದಿನ ಅವರು ಸ್ಟ್ಯಾಂಡ್‌ಬೈ ಆಗಿ ಕಾಯ್ದಿರಿಸಿದ ಪೈಲಟ್, ಬೇರೊಂದು ವಿಮಾನ ಹೊರಗುಳಿದದ್ದರಿಂದ ಹೊರಟವರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ. ಮಿಸ್ಟೇರ್ ಶಬ್ದದ ವೇಗ ದಾಟಬೇಕಿದ್ದರೆ ಕೆಳಮುಖವಾಗಿ ಧುಮುಕಬೇಕಿತ್ತು. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ವಿಮಾನದಿಂದ ಹೊರಗೆ ಹಾರಿ ಬದುಕಿದ, ದೇವಯ್ಯ ಮರಳಲಿಲ್ಲ. ಇಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ.

ಅಲ್ಲಿ ಕ್ಯಾಮೆರಾ ಇರಲಿಲ್ಲ. ನಮ್ಮ ಕಡೆಯವರು ಯಾರೂ ನೋಡಲಿಲ್ಲ. ಕಲಾವಿದ ಸ್ಟಾರ್‌ಫೈಟರನ್ನು ಬರೆದೇ ಇಲ್ಲ ಅಂತ ಆಗ ಗಮನಿಸಿದೆ. ಮಿಸ್ಟೇರ್ ಒಂದೇ, ಎಡ ರೆಕ್ಕೆ ಕೆಳಗೆ ಮಾಡಿ ತಿರುಗಲು ಶುರು ಮಾಡಿದೆ. ಆ ಪುಟ್ಟ ಪಟ್ಟಿ ಮೇಲೆದ್ದಿದೆಯಾ ಅಂತ ಹತ್ತಿರ ಹೋಗಿ ನೋಡಿದೆ. ಎದ್ದಿತ್ತು.